ಲಕ್ಕಿ ಕಡಿದ ದಂಡೆ

ಹಮ್ಮಿಗಿ
ತಾ. ೧೨-೮-೨೦೨೪

ಈ ಪತ್ರ ಒಡೆದವರು ಯಾರೇ ಇರಲಿ, ಮೊದಲು ನಾಚಿಕೆಪಡಿರಿ. ಲಕೋಟೆಯ ಮೇಲೆ ಕುಂಬಳಕಾಯಿಯಷ್ಟು ದೊಡ್ಡ ಅಕ್ಷರದಲ್ಲಿ ಕಾಂಚನಾ ಎಂದು ಬರೆದಿದ್ದೇನೆ. ಕಾಣಲಿಲ್ಲವೇ? ಸುಮಿತ್ರವ್ವಾ, ನೀನೇ ಇರಬೇಕು. ನಾದಿನಿಗೆ ಬಂದ ಕಾಗದ ನಿನಗೆ ಬಂದಂತೆ ಎಂದು ಯಾವ ಗುರು ಹೇಳಿದ? ಹೋದ ಸಲ ಬರೆದ ಎರಡು ಪತ್ರ ಎಲ್ಲಿ ಹೋದವು? ಒಲೆಗೆ ಹಾಕಿದೆಯೋ, ಡಬ್ಬಿಯ ತಳಕ್ಕೆ ಹಾಸಿದೆಯೋ? ಇದನ್ನು ಅವಳ ಕೈಗೆ ಕೊಟ್ಟು ನಿನ್ನ ಕೆಲಸ ನೋಡಿಕೋ. ಇಲ್ಲಿಂದ ಮುಂದೆ ಒಂದು ಸಾಲು ಓದಿದರೂ ನಿನ್ನ ಹಂಚಿನ ಮೇಲಿನ ರೊಟ್ಟಿ ಸೀದು ಹೋಗಲಿ.

ಕಾಂಚನಾ, ಈಗ ನೀನೇ ಓದುತ್ತಿದ್ದೀ ಎಂದು ತಿಳಿಯುತ್ತೇನೆ. ನೀನೂ ಬೈಸಿಕೊಳ್ಳಬೇಕಾದವಳೇ. ಮಗಳ ಹನ್ನೊಂದನೆಯ ದಿನ ಮುಗಿಸಿ ಅಡರಕಟ್ಟಿಯ ತವರಿಗೆ ಹೋದವಳು ಹದಿನೇಳು ತಿಂಗಳಾದರೂ ತಿರುಗಿ ನೋಡಲಿಲ್ಲ. ಗಂಡನ ಫೋನು ಎತ್ತುವುದಿಲ್ಲ, ಅತ್ತೆಯ ಫೋನೂ ಎತ್ತುವುದಿಲ್ಲ. ಅದಕ್ಕೇ ನಾಲ್ಕನೆಯ ಇಯತ್ತೆಯಲ್ಲಿ ಬಿಟ್ಟ ಅಕ್ಷರಗಳನ್ನು ಈ ವಯಸ್ಸಿನಲ್ಲಿ ಮತ್ತೆ ಹಿಡಿದು ಕುಳಿತಿದ್ದೇನೆ. ತಪ್ಪಿದ್ದಲ್ಲಿ ತಿದ್ದಿ ಓದು.

ವಿಷಯ ಇಷ್ಟೇ. ಹೊಳೆ ನಮ್ಮ ಹೊಲ ತಿನ್ನುತ್ತಿದೆ. ಈ ಸಲ ತುಂಗಭದ್ರೆ ಜೋರಾಗಿ ಬಂದಿದ್ದಳು. ಬಂದಾಗ ಏನೂ ಆಗಲಿಲ್ಲ. ನೀರು ಇಳಿದ ಮೂರನೆಯ ದಿನ ಗೋವಿನಜೋಳಕ್ಕೆ ಹೋಗಿದ್ದೆ. ಕಾಲಡಿಯಲ್ಲಿ ಒಂದು ಬಿರುಕು ಕಂಡಿತು, ದಂಡೆಯ ಉದ್ದಕ್ಕೂ ಹಗ್ಗ ಎಳೆದ ಹಾಗೆ. ಎರೆಭೂಮಿ ಬಿರಿಯುವುದು ಹೊಸದೇ ಎಂದು ದಾಟಿ ಬಂದೆ. ನಾನು ಬದುವಿಗೆ ಬರುವುದರೊಳಗೆ ಹಿಂದೆ ದೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಆರು ಸಾಲು ಗೋವಿನಜೋಳ ನಿಂತ ನಿಲುವಿನಲ್ಲೇ ಕೆಳಗೆ ಹೋಗಿ ನೀರಿನಲ್ಲಿ ನಿಂತಿದ್ದವು.

ನಿನ್ನ ಗಂಡ ನಂದೀಶನಿಗೆ ಹೇಳಿದೆ. "ದಂಡಿ ಹೋತಲೇ ನಂದ್ಯಾ."

"ಹೋಗ್ಲಿ ಬಿಡಬೇ," ಅಂದ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ನಾನೊಬ್ಬಳೇ ಹೋಗಿ ಹೆಜ್ಜೆ ಹಾಕಿ ಅಳೆದೆ. ಮುರಿದ ಅಂಚಿನಿಂದ ನಮ್ಮ ಕೂಸು ನೇತ್ರಾಳ ಸಮಾಧಿಗೆ ಇಪ್ಪತ್ತೆರಡು ಹೆಜ್ಜೆ.

ಮೇಲಿನ ಮಡುವಿನಲ್ಲಿ ಮರಳು ತೆಗೆಯುವವರ ಹಾವಳಿಯಿಂದ ಹೀಗಾಗಿದೆ ಎಂದು ಊರವರು ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ. ಏನು ಮಾಡಬೇಕು ಎಂದು ತಾಯಿಯಾದವಳು ಒಂದು ಮಾತು ಹೇಳು.

ಅನ್ನಪೂರ್ಣವ್ವ


ಅಡರಕಟ್ಟಿ
ತಾ. ೩-೯-೨೦೨೪

ಅತ್ತೆಯವರಿಗೆ ಕಾಂಚನಾ ಮಾಡುವ ಶರಣಾರ್ಥಿ.

ಪತ್ರ ಮುಟ್ಟಿತು. ಮೊದಲಿನ ಎರಡೂ ಮುಟ್ಟಿದ್ದವು. ಸುಮಿತ್ರವ್ವನನ್ನು ಬೈಯಬೇಡಿ, ಅವಳು ಒಡೆಯುವುದಿಲ್ಲ. ಒಡೆಯದೆ ಇಟ್ಟವಳು ನಾನು.

ನಾನು ದಿನಾ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋಗಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ. ಮುನ್ನೂರು ರೊಟ್ಟಿ ಆಗುತ್ತವೆ. ಈಗ ಕೈಗೆ ಬಿಸಿ ಗೊತ್ತಾಗುವುದಿಲ್ಲ. ಊಟ ಆಗುತ್ತದೆ, ನಿದ್ದೆಯೂ ಬರುತ್ತದೆ. ಮತ್ತೇನು ಬರೆಯಬೇಕೋ ತಿಳಿಯದು.

ಹೊಳೆ ಎಂದ ಮೇಲೆ ದಂಡೆ ಬೀಳುತ್ತದೆ. ನನ್ನನ್ನು ಕರೆಸಿಕೊಳ್ಳಲು ದಂಡೆ ಬೀಳಿಸಬೇಡಿ. ನಾನು ಬರುವುದಿಲ್ಲ.

ಕಾಂಚನಾ


ಹಮ್ಮಿಗಿ
ತಾ. ೨೦-೧೦-೨೦೨೪

ಕಾಂಚನಾ,

ನಿನ್ನ ಪತ್ರ ಓದಿ ಎರಡು ದಿನ ನಿನ್ನನ್ನು ಬೈದೆ. ಆಮೇಲೆ ಬೈಗುಳ ಮುಗಿದವು. ನನ್ನ ಹತ್ತಿರ ಬೈಗುಳ ಮುಗಿಯುತ್ತವೆ ಎಂದು ನನಗೇ ಗೊತ್ತಿರಲಿಲ್ಲ.

ದಂಡೆಯನ್ನು ನಾನು ಬೀಳಿಸಲಿಲ್ಲ ಎಂದು ಬರೆಯಲು ಕುಳಿತೆ. ಅದನ್ನು ಬರೆಯುವುದು ಬೇಡ. ಆದದ್ದನ್ನು ಬರೆಯುತ್ತೇನೆ.

ಸಮಾಧಿಗೆ ಭದ್ರ ಇರಲಿ ಎಂದು ನಂದೀಶನ ಟ್ರ್ಯಾಕ್ಟರಿನಲ್ಲಿ ಕಲ್ಲು ತರಿಸಿದೆ. ಒಂಬತ್ತು ಟ್ರಿಪ್ಪು. ನಮ್ಮ ಹಿರಿಯರ ಸಮಾಧಿಗಳಿಗೆ ಕಟ್ಟೆ ಇದೆ, ಇವಳಿಗೂ ಇರಲಿ, ಕಲ್ಲು ಕಂಡರೆ ಹೊಳೆಯೂ ಹೆದರೀತು ಎಂದುಕೊಂಡೆ. ಸುತ್ತ, ಹೊಳೆಯ ಕಡೆಗೆ ಉದ್ದಕ್ಕೆ ಚಾಚಿ, ಎದೆಮಟ್ಟ ಕಟ್ಟೆ ಎದ್ದಿತು. ನಡುವೆ ಒಂದು ಬಿಲ್ವದ ಸಸಿ ಹಚ್ಚಿ, ಪಂಪಿನ ಪೈಪು ಎಳೆದು ದಿನಾ ನೀರು ಬಿಟ್ಟೆ. ನೋಡಲು ಚೆಂದವಿತ್ತು.

ದಸರೆಯ ಮುಂಚಿನ ಮಳೆಗೆ ಹೊಳೆ ಮತ್ತೆ ತುಂಬಿ, ಒಂದೇ ದಿನಕ್ಕೆ ಸರ್ರನೆ ಇಳಿಯಿತು. ಇಳಿದ ಮಧ್ಯಾಹ್ನ ದಂಡೆ ಮತ್ತೆ ಹೋಯಿತು. ಕಟ್ಟೆಯ ಹೊಳೆ ಕಡೆಯ ಮೂಲೆ ವಾಲಿ ನಿಂತಿದೆ.

ನಿನಗೆ ಯಮನೂರಸಾಬ ಗೊತ್ತಲ್ಲ, ತೆಪ್ಪದಲ್ಲಿ ಮೀನು ಹಿಡಿಯುವ ಮುದುಕ. ಪ್ರಾಯದಲ್ಲಿ ಕಾಲುವೆಗೆ ಕಲ್ಲು ಹೊದಿಸುವ ಕೆಲಸ ಮಾಡಿದವನು. ತೆಪ್ಪ ದಂಡೆಗೆ ಎಳೆದು ಬಂದು ನಿಂತು ನೋಡಿದ.

"ಅಮ್ಮಾರ, ಇದೇನ ಮಾಡಿಸೀರಿ?"

"ಕಣ್ಣು ಕಾಣವಲ್ದೇನು? ಕಟ್ಟಿ ಕಟ್ಟಿಸೇನಿ."

"ಬೀಳೋ ಮನಷ್ಯಾನ ತಲಿ ಮ್ಯಾಲ ಜ್ವಾಳದ ಚೀಲ ಹೊರಿಸೀರಿ. ಮ್ಯಾಲ ನೀರೂ ಕುಡಿಸೀರಿ."

ನನಗೆ ಸಿಟ್ಟು ಬಂತು. "ನೀ ಮೀನಾ ಹಿಡಿ ಹೋಗು, ನನಗ ಮಣ್ಣಿಂದ ಹೇಳಬ್ಯಾಡ," ಅಂದೆ. ಅವನು ಹೋಗಲಿಲ್ಲ. ಕುಕ್ಕುರುಗಾಲಲ್ಲಿ ಕುಳಿತು ಬೀಡಿ ಹಚ್ಚಿ, ಕೆಳಗೆ ಬೊಟ್ಟು ಮಾಡಿದ.

"ಹೊಳಿ ದಂಡಿ ತಲಿ ತಿನ್ನಂಗಿಲ್ರಿ, ಕಾಲು ತಿಂತೈತಿ. ಅಲ್ಲಿ ನೋಡ್ರಿ, ಬುಡದಾಗ ಗವಿ ಆಗೇತಿ. ಹೊಳಿ ತುಂಬಿದಾಗ ನೀರು ದಂಡಿಗೆ ಆನಿಕಿ ಕೊಟ್ಟು ನಿಂತಿರತೈತಿ. ಮಣ್ಣು ಅದ ನೀರು ಕುಡದು ಭಾರ ಆಗತೈತಿ. ಹೊಳಿ ಜಲ್ದಿ ಇಳೀತು, ಆನಿಕಿ ಹೋತು, ಭಾರ ಉಳೀತು. ಕೆಳಗ ಕಾಲಿಲ್ಲ. ಬೀಳದ ಏನ್ ಮಾಡತೈತಿ?"

ಅಂದರೆ ಏರುವ ಹೊಳೆಗಿಂತ ಇಳಿಯುವ ಹೊಳೆಯೇ ಕೆಟ್ಟದ್ದು. ಅರವತ್ತು ವರ್ಷ ಈ ದಂಡೆಯಲ್ಲಿ ಬಟ್ಟೆ ಒಗೆದಿದ್ದೇನೆ, ನನಗೆ ಇದು ತಿಳಿದಿರಲಿಲ್ಲ. ಹೊಳೆ ತುಂಬಿದಾಗ ಹೆದರುತ್ತಿದ್ದೆವು, ಇಳಿದಾಗ ಕಾಯಿ ಒಡೆಯುತ್ತಿದ್ದೆವು.

ನೀರು ಬಿಡುವುದನ್ನು ಅಂದೇ ನಿಲ್ಲಿಸಿದೆ. ಬಿಲ್ವ ಒಣಗಿತು. ಈಗ ಹದಿಮೂರು ಹೆಜ್ಜೆ.

ಯಮನೂರಸಾಬ ಹೋಗುವಾಗ ಇನ್ನೊಂದು ಮಾತು ಅಂದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅನ್ನಪೂರ್ಣವ್ವ


ಹಮ್ಮಿಗಿ
ತಾ. ೨೫-೧೧-೨೦೨೪

ಕಾಂಚನಾ,

ಒಂಬತ್ತು ಹೆಜ್ಜೆ. ಬೇರೆ ಸುದ್ದಿ ಇಲ್ಲ.

ಅನ್ನಪೂರ್ಣವ್ವ


ಅಡರಕಟ್ಟಿ
ತಾ. ೩೦-೧೨-೨೦೨೪

ಅತ್ತೆಯವರಿಗೆ ಶರಣಾರ್ಥಿ.

ಮೂರೂ ಪತ್ರ ಮುಂದಿಟ್ಟುಕೊಂಡು ಮತ್ತೆ ಓದಿದೆ. ನೀವು ಗೋವಿನಜೋಳ ಬರೆದಿದ್ದೀರಿ, ಕಲ್ಲು ಬರೆದಿದ್ದೀರಿ, ಬಿಲ್ವ ಬರೆದಿದ್ದೀರಿ. ಲಕ್ಕಿ ಗಿಡ ಎಲ್ಲಿಯೂ ಬರಲಿಲ್ಲ. ನಾನು ಅಲ್ಲಿದ್ದಾಗ ನಮ್ಮ ದಂಡೆಯ ಉದ್ದಕ್ಕೂ ಲಕ್ಕಿಯ ಹಿಂಡು ಆಳೆತ್ತರ ಇತ್ತು. ಹೊಲದಲ್ಲಿ ನಿಂತರೆ ನೀರು ಕಾಣುತ್ತಿರಲಿಲ್ಲ. ಈಗ ನೀವು ಬದುವಿನಿಂದ ನೀರಿನಲ್ಲಿ ನಿಂತ ಸಾಲು ನೋಡಿದೆ ಎನ್ನುತ್ತೀರಿ. ಲಕ್ಕಿ ಎಲ್ಲಿ ಹೋಯಿತು?

ಕೇಳಿದ್ದಕ್ಕೆ ನಾನೂ ಒಂದು ಹೇಳಬೇಕು. ಆ ದಿನ ಅವಳನ್ನು ಲಕ್ಕಿ ಸೊಪ್ಪಿಗೆ ಕಳಿಸಿದವಳು ನಾನು. ನಿಮ್ಮ ಮೊಣಕಾಲಿಗೆ ಕುದಿಸಿ ಕಾವು ಕೊಡಲಿಕ್ಕೆ. "ಸೊಪ್ಪು ತಗೊಂಡ ಬಾ ಹೋಗು," ಅಂದೆ, ಅಷ್ಟೇ. ಹಾವು ಕಡಿದ ಮೇಲೆ ನೀವು ಅಂಗಳದಲ್ಲಿ ಎಲ್ಲರ ಮುಂದೆ "ಯಾರು ಕಳಿಸಿದ್ರು ಕೂಸಿನ್ನ?" ಎಂದು ಕೂಗಿದಿರಿ. ನಾನು ಬಾಯಿ ಬಿಡಲಿಲ್ಲ. ನೀವು ನನ್ನನ್ನೇ ನೋಡುತ್ತಿದ್ದಿರಿ. ಹನ್ನೊಂದು ದಿನವೂ ನೋಡುತ್ತಿದ್ದಿರಿ. ಅದಕ್ಕೇ ಬಂದುಬಿಟ್ಟೆ.

ಬರೆಯುವಾಗ ಅಳು ಬಂದೀತು ಎಂದುಕೊಂಡಿದ್ದೆ. ಬರಲಿಲ್ಲ.

ಕಾಂಚನಾ


ಹಮ್ಮಿಗಿ
ತಾ. ೧೬-೧-೨೦೨೫

ಕಾಂಚನಾ,

ಸಂಕ್ರಾಂತಿಗೆ ಹೊಳೆಯಲ್ಲಿ ಮಿಂದು ಬಂದು ಬರೆಯುತ್ತಿದ್ದೇನೆ. ಸುಳ್ಳು ಬರೆಯಬಾರದು ಎಂದು ಮಿಂದೆ.

ಲಕ್ಕಿ ಕಡಿಸಿದವಳು ನಾನು. ನೀನು ಹೋದ ಮೂರನೆಯ ದಿನ. ಆರು ಆಳು ಹಚ್ಚಿ ದಂಡೆಯ ಉದ್ದಕ್ಕೂ ಕಡಿಸಿದೆ. ಕಡಿದದ್ದು ಸಾಲಲಿಲ್ಲ. ಬೊಡ್ಡೆ ಅಗೆಸಿ, ಬೇರು ಕೀಳಿಸಿ, ರಾಶಿ ಹಾಕಿ ಸುಟ್ಟೆ. ಆ ಹಾವು ಸಿಗಬೇಕಿತ್ತು ನನಗೆ. ಸಿಗಲಿಲ್ಲ. ಕಾಡು ಬೆಕ್ಕಿನ ಮರಿ ಎರಡು ಸಿಕ್ಕವು, ಓಡಿ ಹೋದವು.

ಯಮನೂರಸಾಬ ಅಂದೂ ಬಂದಿದ್ದ. "ಅಮ್ಮಾರ, ಟೊಂಗಿ ಕಡೀರಿ, ಬೇಕಾದ್ರ ಬೊಡ್ಡಿತನಾ ಕಡೀರಿ. ಬೇರು ಬಿಡ್ರಿ. ಈ ದಂಡಿ ನಿಂತಿದ್ದ ಆ ಬೇರಿನ ಮ್ಯಾಲ," ಅಂದ.

"ನಿನ್ನ ಮೊಮ್ಮಗಳಿಗೆ ಕಡದಿದ್ರ ಬಿಡತಿದ್ದೇನು?" ಅಂದೆ.

ಅವನು ತೆಪ್ಪ ಹೊತ್ತು ಹೋದ. ದಸರೆಯ ಮುಂದೆ ಬಂದಾಗ ನಾನು ಬರೆಯದೆ ಬಿಟ್ಟ ಮಾತು ಇದೇ. "ಅವತ್ತ ಹೇಳಿದ್ನಿ," ಅಂದ.

ಆ ವರ್ಷ ಮಳೆ ಇರಲಿಲ್ಲ, ಹೊಳೆ ಬತ್ತಿತ್ತು, ದಂಡೆ ನಿಂತಿತು. ನಾನು ಗೆದ್ದೆ ಎಂದುಕೊಂಡೆ. ಮರುವರ್ಷ ಹೊಳೆ ಬಂತು. ಮರಳಿನವರ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆಚೆ ಹೊಲದವರ ಲಕ್ಕಿ ಹಾಗೇ ಇದೆ, ಅವರ ದಂಡೆ ಒಂದು ಗೇಣು ಕದಲಿಲ್ಲ. ನಮ್ಮ ಹೊಲದ ಅಳತೆಗೆ ಸರಿಯಾಗಿ, ಬದುವಿನಿಂದ ಬದುವಿಗೆ, ಹೊಳೆ ಕಚ್ಚಿದೆ.

ಇನ್ನು ಅಂಗಳದ ಮಾತು. ನೀನು ಕಳಿಸುವ ಮೊದಲೇ, ಬೆಳಗ್ಗೆ ಎದ್ದ ಕೂಡಲೇ, ನಾನು ಅವಳನ್ನು ಹಾಸಿಗೆಗೆ ಕರೆದು, "ಆಯಿ ಕಾಲು ಹಿಡಕೊಂಡಾವ, ಲಕ್ಕಿ ಸೊಪ್ಪು ತಂದ ಕೊಡವಾ," ಅಂದಿದ್ದೆ. ಅಂಗಳದಲ್ಲಿ ಕೂಗಿದ್ದು ನಿನ್ನನ್ನು ಅಲ್ಲ. ಯಾರಾದರೂ ಎದ್ದು "ನೀನೇ ಕಳಿಸಿದಿ" ಅನ್ನಲಿ ಎಂದು ಕೂಗಿದೆ. ಯಾರೂ ಅನ್ನಲಿಲ್ಲ. ನೀನು ಅನ್ನುತ್ತೀ ಎಂದು ಹನ್ನೊಂದು ದಿನ ನಿನ್ನ ಬಾಯಿ ನೋಡಿದೆ.

ಈಗ ಕೆಲಸದ ಮಾತು. ಏಳು ಹೆಜ್ಜೆ ಉಳಿದಿವೆ. ಹೊಳೆ ಸಣ್ಣಗಾಗಿದೆ, ಏನು ಮಾಡುವುದಿದ್ದರೂ ಮಳೆಗಾಲದೊಳಗೆ ಮಾಡಬೇಕು. ಯಮನೂರಸಾಬ ಕಡ್ಡಿಯಿಂದ ನೆಲದ ಮೇಲೆ ಗೀರಿ ತೋರಿಸಿದ. ಗೋಡೆಯಂತೆ ನಿಂತ ದಂಡೆ ನಿಲ್ಲುವುದಿಲ್ಲ, ಅದನ್ನು ಕಡಿದು ಇಳಿಜಾರು ಮಾಡಬೇಕು. ಒಂದಾಳು ಎತ್ತರಕ್ಕೆ ಎರಡಾಳು ಅಗಲ. ನಮ್ಮ ದಂಡೆ ಎರಡಾಳು ಎತ್ತರ ಇದೆ. ತಲೆಯ ಮೇಲಿನ ಕಲ್ಲನ್ನು ಇಳಿಸಿ, ತಂತಿಯ ಬುಟ್ಟಿಗಳಲ್ಲಿ ತುಂಬಿ, ಬುಡಕ್ಕೆ ಕೂರಿಸಬೇಕು. ಇಳಿಜಾರಿನ ತುಂಬ ಲಕ್ಕಿಯ ಹಸಿ ಗೂಟ ಊರಬೇಕು, ಟೊಂಗೆಗಳ ಕಟ್ಟು ಕಟ್ಟಿ ಅಡ್ಡಡ್ಡ ಹೂಳಬೇಕು. ಅವು ಚಿಗುರಿ ಬೇರು ಬಿಟ್ಟರೆ ಮಣ್ಣು ಹಿಡಿಯುತ್ತವೆ. ಬೇರೆ ಗಿಡ ಆಗುವುದಿಲ್ಲವೇ ಎಂದು ಕೇಳಿದೆ. "ಹೊಂಗಿ ಆಗತೈತ್ರಿ, ಲಾವಂಚ ಆಗತೈತಿ. ಆದ್ರ ಒಂದ ಮಳಿಗಾಲದಾಗ ಹಿಡಿಯೋದು ಲಕ್ಕಿ ಒಂದ," ಅಂದ.

ಇಳಿಜಾರಿಗೆ ಒಂಬತ್ತು ಹೆಜ್ಜೆ ನೆಲ ಬೇಕು. ಅವಳು ಏಳನೆಯ ಹೆಜ್ಜೆಯಲ್ಲಿ ಇದ್ದಾಳೆ.

ಬಿಟ್ಟರೆ ಹೊಳೆ ಒಯ್ಯುತ್ತದೆ. ದಂಡೆ ಕಟ್ಟಬೇಕೆಂದರೆ ನಾವೇ ಎತ್ತಬೇಕು. ನಂದೀಶ ಮುಟ್ಟಬೇಡ ಎನ್ನುತ್ತಾನೆ. ಒಮ್ಮೆ ಲಿಂಗಪೂಜೆ ಮಾಡಿ ಕೂರಿಸಿದ ಮೇಲೆ ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ಮಠದ ಅಯ್ಯನವರನ್ನು ಕೇಳಿದೆ. "ಹೆತ್ತಾಕಿ ಹೂಂ ಅಂದ್ರ ನಾ ಬಂದು ವಿಭೂತಿ ಹಿಡೀತೀನಿ," ಅಂದರು.

ಹೆತ್ತವಳು ನೀನು.

ಅನ್ನಪೂರ್ಣವ್ವ


ಅಡರಕಟ್ಟಿ
ತಾ. ೧೯-೨-೨೦೨೫

ಅತ್ತೆಯವರಿಗೆ ಶರಣಾರ್ಥಿ.

ಒಂದು ತಿಂಗಳು ಏನೂ ಬರೆಯಲಿಲ್ಲ. ಕೋಪದಿಂದ ಅಲ್ಲ. ನಿಮ್ಮ ಪತ್ರ ಓದಿದ ಮೇಲೆ ಬಸ್ಸು ಇಳಿಯುವ ಸ್ಟಾಪು ಎರಡು ದಿನ ಮರೆತು ಶಿರಹಟ್ಟಿಯವರೆಗೆ ಹೋದೆ. ಅಲ್ಲಿ ಇಳಿದು, ಆಚೆ ಹೋಗಿ ನಿಂತು, ತಿರುಗಿ ಬಂದೆ. ಅಷ್ಟೇ ಆದದ್ದು.

ನೀವೂ ಕಳಿಸಿದ್ದಿರಿ ಎಂದು ತಿಳಿದರೆ ಹಗುರಾಗಬೇಕಿತ್ತು. ಹಗುರಾಗಲಿಲ್ಲ. ಇಬ್ಬರ ಮಾತೂ ಕೇಳಿದಳು ಎಂದು ಅನಿಸಿತು.

ಅವಳನ್ನು ಎತ್ತಿರಿ. ಹೊಳೆಗೆ ಕೊಡಬೇಡಿ. ಹೆತ್ತವಳು ಹೂಂ ಅಂದಳು ಎಂದು ಅಯ್ಯನವರಿಗೆ ಹೇಳಿ. ಮೇಲಿನ ಬದುವಿನ ಬೇವಿನ ಬುಡದಲ್ಲಿ ಇಡಿರಿ. ಮೇಲೆ ಕಲ್ಲು ಹೇರಬೇಡಿ. ನನ್ನನ್ನು ಕರೆಯಬೇಡಿ. ನಿಮ್ಮ ಮಗ ಕೈಯಿಂದ ಅಗೆಯಲಿ, ಸಲಿಕೆ ಹಾಕಬಾರದು.

ಲಕ್ಕಿ ಮಾತ್ರ ಬೇಡ. ಹೊಂಗೆ ಹಾಕಿ, ಹುಲ್ಲು ಹಾಕಿ, ಏನಾದರೂ ಹಾಕಿ. ಅದರ ವಾಸನೆ ಮತ್ತೆ ಆ ಹೊಲದಲ್ಲಿ ಬೇಡ.

ಕಾಂಚನಾ


ಹಮ್ಮಿಗಿ
ತಾ. ೧೬-೫-೨೦೨೫

ಕಾಂಚನಾ,

ಮಾರ್ಚಿ ಒಂಬತ್ತಕ್ಕೆ ಎತ್ತಿದೆವು. ಅಯ್ಯನವರು ಬಂದಿದ್ದರು. ನಂದೀಶ ಕೈಯಿಂದಲೇ ಅಗೆದ. ಬೆಳಗ್ಗೆ ಹಿಡಿದವನು ಊಟದ ಹೊತ್ತಿಗೆ ಮುಗಿಸಿದ. ನಡುವೆ ನೀರು ಕೊಟ್ಟೆ, ಕುಡಿಯಲಿಲ್ಲ. ಹೊಸ ಇಳಕಲ್ಲ ಸೀರೆಯ ಅರ್ಧ ಹರಿದು ಹಾಸಿದೆ. ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಬರೆಯುವುದಿಲ್ಲ. ನೀನೂ ಕೇಳಬೇಡ. ಬೇವಿನ ಬುಡದಲ್ಲಿ ಇದ್ದಾಳೆ. ಮೇಲೆ ಬರೀ ಮಣ್ಣು.

ಆಮೇಲೆ ದಂಡೆ ಕಡಿಯಲು ಹತ್ತಿದೆವು. ಜೆಸಿಬಿ ತರುತ್ತೇನೆ ಎಂದ ನಂದೀಶ. "ಅಂಚಿನ ಮ್ಯಾಲ ಆ ಆನಿ ನಿಲ್ಲಿಸಿದ್ರ ದಂಡಿ ಜೋಡಿ ಆನೀನೂ ಹೋಗತೈತಿ," ಎಂದು ಯಮನೂರಸಾಬ ಬಿಡಲಿಲ್ಲ. ಗುದ್ದಲಿ ಬುಟ್ಟಿಯಲ್ಲೇ ಮೂರು ವಾರ ಹಿಡಿಯಿತು. ನನ್ನ ಕಟ್ಟೆಯ ಕಲ್ಲೆಲ್ಲ ಇಳಿದು ಬುಟ್ಟಿಗಳಲ್ಲಿ ಕೂತು ಹೊಳೆಯ ಬುಡದಲ್ಲಿ ಕಾಲು ಚಾಚಿವೆ. ಈಗ ದಂಡೆ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಕಾಣುತ್ತದೆ. ನಾನೂ ಇಳಿದು ಹತ್ತಬಲ್ಲೆ.

ನೀನು ಲಕ್ಕಿ ಬೇಡ ಎಂದೆ. ಹೊಂಗೆಯ ಸಸಿ ನೂರು ತಂದು ಹಚ್ಚಿದೆ. ಈ ಬಿಸಿಲಿಗೆ ಎಂಬತ್ತು ಸತ್ತವು. ಉಳಿದ ಇಪ್ಪತ್ತು ಮೊಳಕೈಯಷ್ಟು ಇವೆ, ಅವುಗಳ ಬೇರು ಹೊಳೆಯನ್ನಿರಲಿ, ಒಂದು ಕೋಳಿಯನ್ನೂ ತಡೆಯಲಾರದು. ಲಾವಂಚದ ಗಡ್ಡೆ ಕೂರಿಸಿದೆ, ಆಚೆಯವರ ಆಕಳು ತಿಂದವು. ಆಕಳಿನವನನ್ನು ಬೈದೆ. ಬೈಗುಳ ತಿರುಗಿ ಬಂದಿವೆ, ಹೆದರಬೇಡ. ಎರಡು ವಾರ ನಿನ್ನ ಪತ್ರ ತಲೆದಿಂಬಿನ ಕೆಳಗೆ ಇಟ್ಟುಕೊಂಡೆ. ಆಮೇಲೆ ಡಂಬಳಕ್ಕೆ ಟ್ರ್ಯಾಕ್ಟರು ಕಳಿಸಿ, ಕೆರೆಯ ಕೆಳಗಿನ ಹಳ್ಳದಿಂದ ಲಕ್ಕಿಯ ಗೂಟ ತರಿಸಿದೆ. ಬೇಸಿಗೆಯ ಅಡ್ಡ ಮಳೆ ಬಿದ್ದ ಮರುದಿನ ಊರಿಸಿದೆ. ನೀನು ಬೇಡ ಎಂದೆ, ನಾನು ಹಾಕಿದೆ. ಬೈಯುವುದಿದ್ದರೆ ಬೈ. ಹೊಲದ ಮೇಲಿನ ಬದುವೂ ಹೊಳೆಗೆ ಹೋದರೆ ಅವಳನ್ನು ಎಷ್ಟು ಸಲ ಎತ್ತುವುದು?

ಹದಿನೆಂಟು ದಿನಕ್ಕೆ ಚಿಗುರಿದವು. ವಾಸನೆ ಬರುತ್ತದೆ. ಇಲ್ಲವೆಂದು ಹೇಳುವುದಿಲ್ಲ.

ಒಂದು ಕಡೆ ಮಾತ್ರ ಹಾಕಿಲ್ಲ. ನಂದೀಶ ಗೂಟ ಊರುತ್ತ ಸಾಲು ಹಿಡಿದು ಬಂದವನು ನಡುವೆ ನಿಂತ. ನಾಲ್ಕು ಮಾರಿನಷ್ಟು ಜಾಗ ಬಿಟ್ಟು ಆಚೆಯಿಂದ ಊರಲು ಶುರು ಮಾಡಿದ.

"ಅಲ್ಲ್ಯಾಕ ಬಿಟ್ಟೆಲೇ?"

"ಅಲ್ಲಿ ಬ್ಯಾಡಬೇ."

"ಯಾಕ?"

"ನಾ ಓಡಿ ಬಂದಾಗ ಅಲ್ಲೇ ಕುಂತಿದ್ಲು. ಸೊಪ್ಪು ಉಡ್ಯಾಗ ಇತ್ತು."

ಎರಡು ವರ್ಷದಲ್ಲಿ ಅವನು ಆ ದಿನದ ಬಗ್ಗೆ ಆಡಿದ್ದು ಇಷ್ಟು. ಹೊಸ ಇಳಿಜಾರಿನಲ್ಲಿ ಆ ಜಾಗ ಅವನಿಗೆ ಹೇಗೆ ಗುರುತು ಸಿಕ್ಕಿತೋ ಕಾಣೆ. ನನಗಂತೂ ಎಲ್ಲ ಒಂದೇ ಮಣ್ಣಾಗಿ ಕಾಣುತ್ತದೆ.

ಯಮನೂರಸಾಬ ನೋಡಿ ತಲೆ ಅಲ್ಲಾಡಿಸಿದ. "ಉದ್ದಕ್ಕೂ ಬೇಲಿ ಹಾಕಿ ನಡುವ ಬಾಗಲಾ ತೆರದಿಟ್ಟಂಗ ಆತ್ರಿ. ಹೊಳಿ ಇಳಿಯೋ ಮುಂದ ಅಲ್ಲೇ ಕೈ ಹಾಕತೈತಿ. ಅಲ್ಲಿ ಒಡೀತಂದ್ರ ಎರಡೂ ಮಗ್ಗಲ ಸುಲಕೊಂಡ ಹೋಗತೈತಿ," ಅಂದ. ನಂದೀಶ ಕೇಳಿಸಿಕೊಂಡ, ಗೂಟದ ಹೊರೆ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದ. ಅವನಿಗೆ ಹಾಕು ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ನಾನೇ ಹಾಕೋಣವೆಂದರೆ, ಎರಡು ವರ್ಷದ ಹಿಂದೆ ಯಾರನ್ನೂ ಕೇಳದೆ ಕಿತ್ತವಳು, ಈಗ ಯಾರನ್ನೂ ಕೇಳದೆ ಊರಲೇ?

ನಲವತ್ತು ಗೂಟ ಬಚ್ಚಲ ಹೊಂಡದ ಕೆಸರಿನಲ್ಲಿ ಹಸಿಯಾಗಿ ಇಟ್ಟಿದ್ದೇನೆ. ಇನ್ನು ಹದಿನೈದು ದಿನ ತಡೆಯುತ್ತವೆ, ಆಮೇಲೆ ಒಲೆಗೆ. ಮಿರಗದ ಮಳೆ ಹಿಡಿದರೆ ಹೊಳೆ ಏರುತ್ತದೆ, ಆಗ ಊರಲು ಬರುವುದಿಲ್ಲ.

ನೀನು ಬರಬೇಕಿಲ್ಲ. ಉದ್ದ ಬರೆಯಬೇಕಿಲ್ಲ. ಕಾರ್ಡು ಸಾಕು. ಅದರ ಮೇಲೆ ಹಾಕು ಎಂದು ಬರಿ, ಇಲ್ಲವೆ ಬಿಡು ಎಂದು ಬರಿ. ಬಿಡು ಎಂದರೆ ಬಿಡುತ್ತೇನೆ, ದಂಡೆ ಹೋದರೂ ನಿನ್ನನ್ನು ಅನ್ನುವುದಿಲ್ಲ. ಆದರೆ ಒಡೆಯದೆ ಇಟ್ಟು ಕೂರಬೇಡ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಇವತ್ತೇ ಬರಿ.

ಅನ್ನಪೂರ್ಣವ್ವ